ಚೀನಾದ ಬಗೆಗಿನ ಪ್ರಬಂಧಗಳು: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ

ನಾನು ಹೆಚ್ಚಾಗಿ ಕಥೆ, ಕಾದಂಬರಿ ಓದುವವಳು. ಗೆಳತಿಯೊಬ್ಬಳು ಸೈಮನ್ ಲೇಸ್ ಅವರ ‘ದ ಹಾಲ್ ಆಫ್ ಯೂಸ್‌ಲೆಸ್‌ನೆಸ್’ ಕೊಟ್ಟಿದ್ದಾಳೆ. ಐನೂರು ಪುಟ ದಾಟಿದ ಪ್ರಬಂಧ ಸಂಕಲನ. ಒಂದು ಕಡೆ ಡಾನ್ ಕ್ವಿಕ್ಸಾಟ್, ಬಾಲ್ಜಾಕ್, ಆರ್ವೆಲ್. ಇನ್ನೊಂದು ಕಡೆ ಕನ್‌ಫ್ಯೂಷಿಯಸ್, ಚೀನೀ ಕೈಬರಹದ ಕಲೆ, ಮಾವೋ ಕಾಲದ ರಾಜಕೀಯ. ನಡುವೆ ಸಮುದ್ರದ ಮೇಲೂ ಒಂದಿಷ್ಟು. ಚೀನಾದ ಚರಿತ್ರೆ ನನಗೆ ಏನೇನೂ ಗೊತ್ತಿಲ್ಲ. ಮೊದಲು ಒಂದು ಇತಿಹಾಸದ ಪುಸ್ತಕ ಮುಗಿಸಿಕೊಂಡು ಬರಬೇಕೇ? ಇಂಥವನ್ನು ಇಷ್ಟಪಟ್ಟು ಓದಿದವರು ಹೇಗೆ ಓದಿದಿರಿ, ಹೇಳಿ.

ಶಿವಮೊಗ್ಗದಿಂದ

ಇತಿಹಾಸ ಮೊದಲು ಬೇಡವೇ ಬೇಡ. ರಾಜವಂಶಗಳ ಪಟ್ಟಿ ಬಾಯಿಪಾಠ ಆಗುವಷ್ಟರಲ್ಲಿ ಓದುವ ಹುಮ್ಮಸ್ಸೇ ಇಳಿದುಹೋಗುತ್ತದೆ. ಚೀನೀಯರು ತಮ್ಮ ಗತಕಾಲವನ್ನು ಹೇಗೆ ಕಾಣುತ್ತಾರೆ ಎಂಬ ಪ್ರಬಂಧ ಅದರಲ್ಲಿದೆ, ನೇರ ಅಲ್ಲಿಗೇ ಹೋಗಿ. ಅಷ್ಟು ಹಳೆಯ ನಾಗರಿಕತೆ, ಆದರೆ ಕಣ್ಣಿಗೆ ಬೀಳುವ ಹಳೆಯ ಕಟ್ಟಡ ತೀರಾ ಕಡಿಮೆ. ಮರದಲ್ಲಿ ಕಟ್ಟಿದರು, ಸುಟ್ಟಿತು, ಕುಸಿಯಿತು, ಮತ್ತೆ ಕಟ್ಟಿದರು. ಹಳೆಯದು ಉಳಿದದ್ದು ಬರಹದಲ್ಲಿ. ಬೇಲೂರು, ಹಂಪಿ ನೋಡಿ ಬೆಳೆದ ನಮಗೆ ಹಳತು ಅಂದರೆ ಕಲ್ಲು ತಾನೇ? ಅದಕ್ಕೇ ಈ ವಿಚಾರ ನನ್ನನ್ನು ಅಷ್ಟು ಹಿಡಿದದ್ದು.

ಅದರಲ್ಲಿ ಲಾನ್‌ಟಿಂಗ್ ಎಂಬ ಮಂಟಪದ ಪ್ರಸಂಗ ಬರುತ್ತದೆ. ಅಲ್ಲಿ ಅವಸರ ಮಾಡಬೇಡಿ. ಕ್ರಿ.ಶ. 353, ಮೂರನೇ ತಿಂಗಳ ಮೂರನೇ ದಿನ. ಈಗಿನ ಶಾವ್‌ಷಿಂಗ್ ಹತ್ತಿರ ನಲವತ್ತಕ್ಕೂ ಹೆಚ್ಚು ಜನ ಗೆಳೆಯರು ತೊರೆಯ ಎರಡೂ ದಂಡೆಯಲ್ಲಿ ಕೂತಿದ್ದಾರೆ. ಮದ್ಯದ ಬಟ್ಟಲು ನೀರಲ್ಲಿ ತೇಲಿ ಬರುತ್ತದೆ, ಯಾರ ಮುಂದೆ ನಿಂತರೆ ಅವರು ಪದ್ಯ ಕಟ್ಟಬೇಕು, ಆಗದಿದ್ದರೆ ದಂಡವಾಗಿ ಕುಡಿಯಬೇಕು. ಆ ಪದ್ಯಗಳಿಗೆ ಅವರಲ್ಲೊಬ್ಬನಾದ ಕೈಬರಹದ ಕಲೆಗಾರ ವಾಂಗ್ ಷಿಜಿ ಬರೆದ ಮುನ್ನುಡಿಯೇ ಚೀನೀ ಕೈಬರಹದ ಶಿಖರ. 28 ಸಾಲು, 324 ಅಕ್ಷರ. ಒಂದೇ ಅಕ್ಷರ ಇಪ್ಪತ್ತು ಸಲ ಬರುತ್ತದೆ, ಇಪ್ಪತ್ತು ಸಲವೂ ಬೇರೆ ಬೇರೆ ರೂಪದಲ್ಲಿ.

ಮೂಲ ಪ್ರತಿ ಈಗಿಲ್ಲ. ಅದು ಟಾಂಗ್ ಚಕ್ರವರ್ತಿ ತಾಯ್‌ಜೊಂಗ್ ಕೈಸೇರಿತ್ತು. 649ರಲ್ಲಿ ಅವನು ತೀರಿಕೊಂಡಾಗ ಅವನ ಜೊತೆಗೇ ಸಮಾಧಿಗೆ ಹೋಯಿತು ಅನ್ನುತ್ತಾರೆ. ಅಲ್ಲಿಂದ ಮುಂದಿನವರೆಲ್ಲ ಕಲಿತದ್ದು ನಕಲುಗಳಿಂದ, ಕಲ್ಲಲ್ಲಿ ಕೆತ್ತಿ ಕಾಗದದ ಮೇಲೆ ತೆಗೆದ ಪಡಿಯಚ್ಚುಗಳಿಂದ. ಯಾರೂ ಕಾಣದ ಒಂದು ಹಾಳೆ ಸಾವಿರದ ಮುನ್ನೂರು ವರ್ಷದಿಂದ ಕೈಗಳನ್ನು ತಿದ್ದುತ್ತಿದೆ! ಮೂಲ ಬರಹ ವಾಂಗ್‌ದೇ ಅಲ್ಲ ಎಂದು 1965ರಲ್ಲಿ ಚೀನಾದ ವಿದ್ವಾಂಸ ಗುವೊ ಮೊರುವೊ ವಾದ ಹೂಡಿದಾಗ ದೊಡ್ಡ ಜಗಳವೇ ಆಯಿತು.

ನನ್ನ ಸಲಹೆ ಇಷ್ಟೇ: ಪ್ರಬಂಧ ಓದಿ ಪುಸ್ತಕ ಮುಚ್ಚಿ, ಅದು ಹೇಳುವ ವಸ್ತುವನ್ನು ಹುಡುಕಿ ನೋಡಿ, ಮತ್ತೆ ಓದಿ. ಬೀಜಿಂಗ್‌ನ ಅರಮನೆ ವಸ್ತುಸಂಗ್ರಹಾಲಯದಲ್ಲಿರುವ ನಕಲಿನ ಚಿತ್ರ ಇಂಟರ್‌ನೆಟ್‌ನಲ್ಲಿ ಸುಲಭವಾಗಿ ಸಿಗುತ್ತದೆ. ದೊಡ್ಡದು ಮಾಡಿ, ಬಲಗಡೆಯಿಂದ ನಾಲ್ಕನೇ ಸಾಲು ನೋಡಿ. ವಾಂಗ್ ಬಿಟ್ಟುಹೋಗಿದ್ದ ಎರಡು ಅಕ್ಷರ ಪಕ್ಕದಲ್ಲಿ ಚಿಕ್ಕದಾಗಿ ಸೇರಿಕೊಂಡಿವೆ. ನಕಲು ಮಾಡಿದವನು ಆ ತಿದ್ದುಪಡಿಯನ್ನೂ ಹಾಗೇ ಇಟ್ಟಿದ್ದಾನೆ. ಅದನ್ನು ನೋಡಿದ ಮೇಲೆ ಪ್ರಬಂಧ ಬೇರೆಯೇ ಆಗಿಬಿಡುತ್ತದೆ.

ಮೈಸೂರಿನಿಂದ

ಶಿವಮೊಗ್ಗದವರ ಮಾತಿಗೆ ನನ್ನದೂ ಹೂಂ. ಜೊತೆಗೆ ಚೀನೀಯರೇ ಬರೆದ ಪುಟ್ಟ ಪ್ರಬಂಧ ಒಂದೆರಡು ಓದಿಕೊಳ್ಳಿ. ಮೂರ್ತಿರಾಯರ ಲಲಿತ ಪ್ರಬಂಧ ಓದಿದವರಿಗೆ ಇವು ಹೊರಗಿನವು ಅನ್ನಿಸುವುದಿಲ್ಲ. ಹ್ವಾಂಗ್‌ಜೋ ಎಂಬ ಊರಿಗೆ ಗಡಿಪಾರಾಗಿದ್ದ ಕವಿ ಸು ಶಿ 1083ರಲ್ಲಿ ಬರೆದದ್ದು ನೂರು ಅಕ್ಷರವೂ ಇಲ್ಲ: ಮಲಗಲು ಬಟ್ಟೆ ಬಿಚ್ಚುತ್ತಿದ್ದಾನೆ, ಬಾಗಿಲಲ್ಲಿ ಬೆಳದಿಂಗಳು ಬರುತ್ತದೆ, ಎದ್ದು ದೇಗುಲದಲ್ಲಿದ್ದ ಗೆಳೆಯನನ್ನು ಹುಡುಕಿಕೊಂಡು ಹೋಗುತ್ತಾನೆ. ಅವನೂ ಮಲಗಿಲ್ಲ. ಅಂಗಳದ ತುಂಬ ತಿಳಿನೀರು, ಅದರಲ್ಲಿ ಪಾಚಿಯ ಎಳೆಗಳು. ನೋಡಿದರೆ ಅವು ಬಿದಿರಿನ, ಸೈಪ್ರೆಸ್ ಮರಗಳ ನೆರಳು. ಅಷ್ಟೇ ಕಥೆ.

ಹದಿನೇಳನೇ ಶತಮಾನದ ಪ್ರಬಂಧಕಾರ ಜಾಂಗ್ ದಾಯ್ ಬರೆದ ಹಿಮದ ಪ್ರಸಂಗವನ್ನೂ ಬಿಡಬೇಡಿ. ಹಾಂಗ್‌ಜೋ ಪಶ್ಚಿಮ ಸರೋವರ, ಮೂರು ದಿನ ಸುರಿದ ಹಿಮ, ರಾತ್ರಿ ಒಬ್ಬನೇ ದೋಣಿ ಹತ್ತಿ ನಡುವಿನ ಮಂಟಪಕ್ಕೆ ಹೋಗುತ್ತಾನೆ. ಅಲ್ಲಿ ಆಗಲೇ ಇಬ್ಬರು ಅಪರಿಚಿತರು ಕೂತಿದ್ದಾರೆ, ಹುಡುಗನೊಬ್ಬ ಮದ್ಯ ಕಾಯಿಸುತ್ತಿದ್ದಾನೆ! ವಾಪಸು ಬರುವಾಗ ಅಂಬಿಗ ಗೊಣಗುತ್ತಾನೆ, ನಮ್ಮ ಯಜಮಾನರಿಗೇ ಹುಚ್ಚು ಅಂದುಕೊಂಡಿದ್ದೆ, ಇವರಿಗಿಂತ ಹುಚ್ಚರೂ ಇದ್ದಾರಲ್ಲ ಅಂತ. 1644ರಲ್ಲಿ ಮಿಂಗ್ ರಾಜ್ಯ ಬಿದ್ದು, ಆಸ್ತಿಯೆಲ್ಲ ಹೋದಮೇಲೆ ಬಡತನದಲ್ಲಿ ಕೂತು ಬರೆದ ನೆನಪು ಇದು ಅನ್ನುವುದು ತಿಳಿದ ಮೇಲೆ ನನಗೆ ಆ ಪುಟ ದಾಟಲು ಬಹಳ ಹೊತ್ತು ಬೇಕಾಯಿತು.

ಬೆಂಗಳೂರಿನಿಂದ

ಬೆಳದಿಂಗಳು, ಹಿಮ ಚೆನ್ನ, ಒಪ್ಪಿದೆ. ಆದರೆ ಚೀನೀ ಪ್ರಬಂಧ ಅಂದರೆ ಅಷ್ಟೇ ಅಂದುಕೊಳ್ಳಬೇಡಿ, ದಯವಿಟ್ಟು. 1930ರ ದಶಕದ ಷಾಂಘೈನಲ್ಲಿ ಇದೇ ವಿಷಯಕ್ಕೆ ಖಾರವಾದ ವಾಗ್ವಾದ ನಡೆದಿದೆ. ಲೇಖಕ ಲಿನ್ ಯುಟಾಂಗ್ 1932ರಲ್ಲಿ ಹಾಸ್ಯಕ್ಕೆಂದೇ ಪತ್ರಿಕೆ ತೆಗೆದು ಬಿಡುವಿನ, ನಗುವಿನ ಬರಹ ಬೆಳೆಸಿದರು. ಕಥೆಗಾರ, ಪ್ರಬಂಧಕಾರ ಲೂ ಷುನ್‌ಗೆ ಅದು ಹಿಡಿಸಲಿಲ್ಲ. ದೇಶ ಈ ಸ್ಥಿತಿಯಲ್ಲಿರುವಾಗ ಪ್ರಬಂಧ ಕಠಾರಿಯಾಗಿರಬೇಕು, ಈಟಿಯಾಗಿರಬೇಕು ಎಂದು 1933ರಲ್ಲಿ ಬರೆದರು. ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಓದಿ. ನನ್ನ ಮನಸ್ಸು ಲೂ ಷುನ್ ಕಡೆಗೇ. ಅದೇ ಕೈ ಬಾಲ್ಯದ ಹಿತ್ತಲಿನ ಬಗ್ಗೆ, ಜಪಾನಿನಲ್ಲಿ ತನ್ನ ಟಿಪ್ಪಣಿಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟ ಅಂಗರಚನಾಶಾಸ್ತ್ರದ ಮೇಷ್ಟ್ರ ಬಗ್ಗೆ ಬರೆಯುವಾಗ ಎಷ್ಟು ಮೃದು!

ಸಿಡ್ನಿಯಿಂದ

ಲೇಸ್ ಕೊನೆಯವರೆಗೂ ಆಸ್ಟ್ರೇಲಿಯಾದಲ್ಲೇ ಇದ್ದರು, 2014ರಲ್ಲಿ ಇಲ್ಲೇ ಸಿಡ್ನಿಯಲ್ಲಿ ತೀರಿಕೊಂಡರು. ಹುಟ್ಟಿದ್ದು ಬೆಲ್ಜಿಯಂನಲ್ಲಿ, ನಿಜವಾದ ಹೆಸರು ಪಿಯೆರ್ ರಿಕ್‌ಮನ್ಸ್. ಪ್ಯಾರಿಸ್‌ನ ಬುದ್ಧಿಜೀವಿಗಳಲ್ಲಿ ಅನೇಕರು ಮಾವೋನನ್ನು ಕೊಂಡಾಡುತ್ತಿದ್ದ 1971ರಲ್ಲಿ ಸಾಂಸ್ಕೃತಿಕ ಕ್ರಾಂತಿಯ ಒಳಗುಟ್ಟು ಬಿಚ್ಚಿಟ್ಟು ಬೈಸಿಕೊಂಡವರು. ಅದಕ್ಕೇ ಹೇಳುತ್ತೇನೆ, ರಾಜಕೀಯದ ಪ್ರಬಂಧಗಳನ್ನು ಹಾರಿಸಬೇಡಿ. ಕೈಬರಹವನ್ನು ಅಷ್ಟು ಪ್ರೀತಿಸುವವನಿಗೆ ಅದನ್ನು ಹಾಳುಗೆಡವಿದವರ ಮೇಲೆ ಬರುವ ಸಿಟ್ಟು ಅಲ್ಲಿದೆ. ಎರಡನ್ನೂ ಓದಿದರೇ ಈ ಮನುಷ್ಯ ಪೂರ್ತಿ ಸಿಗುವುದು.

‘ಕೆಲಸಕ್ಕೆ ಬಾರದಿರುವಿಕೆ’ ಅನ್ನುವ ಪುಸ್ತಕದ ಹೆಸರು ಕೇಳಿದರೆ ಪ್ರಾಚೀನ ಚೀನಾದ ದಾವ್ ಚಿಂತಕ ಜ್ವಾಂಗ್‌ಜಿಯ ಕಥೆ ನೆನಪಾಗುತ್ತದೆ. ಊರ ಗುಡಿಯ ಹತ್ತಿರದ ಭಾರಿ ಓಕ್ ಮರವನ್ನು ಬಡಗಿಯೊಬ್ಬ ತಿರುಗಿಯೂ ನೋಡದೆ ಹೋಗುತ್ತಾನೆ, ಯಾವುದಕ್ಕೂ ಬಾರದ ಮರ ಅಂತ. ರಾತ್ರಿ ಕನಸಿನಲ್ಲಿ ಮರವೇ ಬಂದು ಕೇಳುತ್ತದೆ: ನಾನು ಕೆಲಸಕ್ಕೆ ಬರುವಂತಿದ್ದರೆ ಇಷ್ಟು ದೊಡ್ಡದಾಗಲು ಬಿಡುತ್ತಿದ್ದಿರಾ? ದಾವ್ ಪಂಥದ ಈ ಧಾಟಿ ಕನ್ನಡದಲ್ಲೇ ಬೇಕೆಂದರೆ ಅನಂತಮೂರ್ತಿಯವರ ‘ದಾವ್ ದ ಜಿಂಗ್’ ಇದೆ.

ಒಂದು ಸಣ್ಣ ಸೂಚನೆ. ಹಳೆಯ ಪುಸ್ತಕಗಳಲ್ಲಿ ಹೆಸರುಗಳು ಬೇರೆ ಥರ ಇರುತ್ತವೆ. ಸು ಶಿ, ಸು ದೊಂಗ್‌ಪೊ, ಸು ತುಂಗ್-ಪೊ ಮೂವರೂ ಒಬ್ಬರೇ. ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಳ್ಳುತ್ತಾ ಹೋಗಿ.