ಇನ್‌ಲೈನ್ ಮಜಲ್‌ಲೋಡರ್: ಮೂರನೇ ಗುಂಡು ತಳ ಮುಟ್ಟುತ್ತಿಲ್ಲ, ಎಣ್ಣೆ ಹಚ್ಚಿಟ್ಟರೂ ತುಕ್ಕು

ಹೊಸಕೋವಿ:
ಎಲ್ಲರಿಗೂ ನಮಸ್ಕಾರ. 50 ಕ್ಯಾಲಿಬರಿನ ಇನ್‌ಲೈನ್ ರೈಫಲ್ (ಕಿಡಿ ಕೊಡುವ ಪ್ರೈಮರ್ ನಳಿಗೆಯ ನೇರಕ್ಕೇ ಹಿಂದೆ ಕೂರುವ ಮಜಲ್‌ಲೋಡರ್) ತಗೊಂಡು ಎರಡು ತಿಂಗಳಾಯ್ತು. ಇದಕ್ಕೆ ಮೊದಲು ತೋಟಾ ಹಾಕುವ ರೈಫಲ್ ಮಾತ್ರ ಗೊತ್ತಿದ್ದದ್ದು. ಬಾಯಿಂದ ಮದ್ದು ತುಂಬುವ ಕೋವಿ ಇದೇ ಮೊದಲು.

ಮೊದಲ ಗುಂಡು ಸಲೀಸಾಗಿ ಇಳಿಯುತ್ತೆ. ಎರಡನೆಯದಕ್ಕೆ ಸ್ವಲ್ಪ ಬಲ ಬೇಕು. ಮೂರನೆಯದು ಕೊನೆಯವರೆಗೂ ಬಂದು, ಗಜದ (ಗುಂಡು ತಳ್ಳುವ ಕೋಲು) ಮೇಲೆ ನಾನು ಹಾಕಿಕೊಂಡ ಗುರುತು ಇನ್ನೂ ಎರಡು ಬೆರಳು ಮೇಲಿರುವಾಗಲೇ ಸಿಕ್ಕಿಹಾಕಿಕೊಳ್ಳುತ್ತೆ. ಒಳಗೆ ಯಾರೋ ಬಳೆ ತೊಡಿಸಿಟ್ಟ ಹಾಗೆ. ಹೋದ ಸಲ ಬೇಸತ್ತು ಹಾಗೇ ಹೊಡೆದುಬಿಟ್ಟೆ. ಗುಂಡು ಎಲ್ಲಿ ಹೋಯ್ತೋ, ಟಾರ್ಗೆಟ್ ಕಾಗದದ ಮೇಲಂತೂ ಇಲ್ಲ.

ಇನ್ನೊಂದು ತೊಂದರೆ. ಮನೆಗೆ ಬಂದು ನಳಿಗೆ ಒರೆಸಿ, ಎಣ್ಣೆ ಹಚ್ಚಿಟ್ಟಿದ್ದೆ. ವಾರ ಬಿಟ್ಟು ಬಿಳಿ ಬಟ್ಟೆ ಹಾಯಿಸಿದರೆ ಇಟ್ಟಿಗೆ ಬಣ್ಣ ಬಂತು.

ಗಜಧಾರಿ:
ಉತ್ತರಕ್ಕೆ ಮೊದಲು ಒಂದು ಮಾತು: ಹಾಗೆ ಇನ್ನೊಮ್ಮೆ ಹೊಡೆಯಬೇಡಿ. ಮದ್ದಿಗೂ ಗುಂಡಿಗೂ ನಡುವೆ ಜಾಗ ಬಿಟ್ಟು ಹೊಡೆದರೆ ನಳಿಗೆ ಉಬ್ಬಬಹುದು, ಸೀಳಲೂಬಹುದು. ನಳಿಗೆಯ ಹೊರಮೈ ಮೇಲೆ ಬೆರಳಾಡಿಸಿ ಎಲ್ಲಾದರೂ ಉಬ್ಬು ಸಿಗುತ್ತಾ ನೋಡಿ. ಒಳಗೆ ಬಿಗಿ ಬಟ್ಟೆ ತಳ್ಳಿದಾಗ ಒಂದು ಕಡೆ ಇದ್ದಕ್ಕಿದ್ದಂತೆ ಸಡಿಲ ಅನ್ನಿಸಿದರೆ ಕೋವಿ ರಿಪೇರಿಯವರಿಗೆ ತೋರಿಸದೆ ಮುಟ್ಟಬೇಡಿ. ಮುಂದೆ ಸಿಕ್ಕಿಬಿದ್ದರೆ ಪ್ರೈಮರ್ ತೆಗೆದು, ನಳಿಗೆಯ ಹಿಂಬದಿ ಮುಚ್ಚುವ ಬ್ರೀಚ್ ಪ್ಲಗ್ ಬಿಚ್ಚಿ, ಗಜದಿಂದ ಎಲ್ಲವನ್ನೂ ಹಿಂದಕ್ಕೆ ನೂಕಿ ತೆಗೆಯಿರಿ. ಮುಖ ನಳಿಗೆಯ ಬಾಯಿಗೆ ಅಡ್ಡ ಬರದಿರಲಿ.

ಯಾವ ಮದ್ದು? ಯಾವ ಪ್ರೈಮರ್? ತೊಳೆದದ್ದು ಯಾವುದರಲ್ಲಿ?

ಹೊಸಕೋವಿ:
ಉಬ್ಬು ಇಲ್ಲ, ಬಟ್ಟೆಯೂ ಒಂದೇ ಸಮ ಹೋಯ್ತು. ಸದ್ಯ ಬಚಾವು. ಮದ್ದು ಕಪ್ಪು ಮದ್ದಿಗೆ ಗಂಧಕವಿಲ್ಲದ ಬದಲಿ ಪುಡಿ, ಅಳತೆಗೊಳವೆಯಲ್ಲಿ 100 ಗ್ರೇನ್. ಕೋವಿಯ ಪುಸ್ತಿಕೆಯ ಮಿತಿಯೊಳಗೇ ಇದೆ. ಪ್ರೈಮರ್ ಶಾಟ್‌ಗನ್ ತೋಟಾಕ್ಕೆ ಹಾಕುವ ಮಾಮೂಲಿ 209. ಗುಂಡಿಗೆ ಪ್ಲಾಸ್ಟಿಕ್ ಸ್ಯಾಬೊ, ಅಂದರೆ ಸುತ್ತುಕವಚ. ಎರಡು ಈಡಿನ ನಡುವೆ ಏನೂ ಒರೆಸಿಲ್ಲ. ಮನೆಯಲ್ಲಿ ತೋಟಾ ರೈಫಲ್ಲಿಗೆ ಬಳಸುವ ಸಾಲ್ವೆಂಟ್, ಆಮೇಲೆ ಎಣ್ಣೆ.

ಗಜಧಾರಿ:
ಹಾಗಾದರೆ ಎರಡೂ ತೊಂದರೆಗೆ ಬೇರು ಒಂದೇ. ನೀವು ಈ ಕೋವಿಯನ್ನು ತೋಟಾ ಕೋವಿ ಅಂದುಕೊಂಡು ನೋಡಿಕೊಳ್ಳುತ್ತಿದ್ದೀರಿ. ರೂಪ ಹಾಗೇ ಇದೆ, ನಿಜ. 1985ರಲ್ಲಿ ನೈಟ್ ಕಂಪನಿಯ ಎಂಕೆ-85 ಕೋವಿ ಬಂದಾಗಿನಿಂದ ಇವುಗಳ ಮೈಕಟ್ಟು ಇವತ್ತಿನ ರೈಫಲ್ಲಿನದ್ದೇ. ಹೊಟ್ಟೆಗೆ ಹಾಕುವುದು ಮಾತ್ರ ಹಳೇ ಊಟ.

ತೋಟಾದ ಹೊಗೆರಹಿತ ಮದ್ದು ಬಹುಪಾಲು ಅನಿಲವಾಗಿ ಹೋಗಿಬಿಡುತ್ತೆ. ಕಪ್ಪು ಮದ್ದು ಹಾಗಲ್ಲ. ಅದರ ಲೆಕ್ಕ ನಿಮಗೂ ಗೊತ್ತಿರಬಹುದು: ನೂರಕ್ಕೆ 75 ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಸುಟ್ಟ ಮೇಲೆ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಘನವಾಗೇ ಉಳಿಯುತ್ತೆ. ಒಂದಷ್ಟು ಹೊಗೆಯ ಜೊತೆ ಹೊರಗೆ, ಮಿಕ್ಕಿದ್ದು ನಳಿಗೆಯ ಗೋಡೆಗೆ. ಬದಲಿ ಪುಡಿಗಳೂ ಹೆಚ್ಚಿನವು ಇದೇ ಜಾತಿ. ನಿಮ್ಮ ಗಂಧಕವಿಲ್ಲದ ಪುಡಿಯ ಮಸಿ ನೀರಿಗೆ ಬೇಗ ಬಿಡುತ್ತೆ, ವಾಸನೆಯೂ ಕಡಿಮೆ. ಅದರ ಒಂದೇ ಚಾಳಿ ಅಂದರೆ ಆ ಬಳೆ. ಗುಂಡು ಕೂರುವ ಜಾಗದ ಹತ್ತಿರವೇ ಗಾಜಿನಂಥ ಗಟ್ಟಿ ಕಿಟ್ಟ ಕಟ್ಟುತ್ತೆ. ಬಿಸಿ ಹೆಚ್ಚಿರುವ 209 ಪ್ರೈಮರ್ ಹಾಕಿದಷ್ಟೂ ಅದು ಜಾಸ್ತಿ. ಗಾಳಿ ಒಣಗಿದ್ದ ದಿನ ಇನ್ನೂ ಗಟ್ಟಿ.

ಮಜಲ್‌ಲೋಡರಿಗೆಂದೇ ಮಾಡಿದ, ಸ್ವಲ್ಪ ಮೆತ್ತಗಿನ 209 ಪ್ರೈಮರ್ ಸಿಗುತ್ತೆ, ಅದನ್ನು ಹಾಕಿ. ಪ್ರತಿ ಈಡಿನ ನಂತರ ಒಂದು ತೇವದ ಪ್ಯಾಚ್ (ಒರೆಸುವ ಬಟ್ಟೆ ಚೂರು), ಒಂದು ಒಣ ಪ್ಯಾಚ್. ತೇವ ಅಂದರೆ ತೇವ ಮಾತ್ರ, ಹಿಂಡಿದರೆ ತೊಟ್ಟಿಕ್ಕಬಾರದು. ಹಳಬರು ಬಾಯಲ್ಲಿಟ್ಟು ಒದ್ದೆ ಮಾಡುತ್ತಿದ್ದರು, ಅಷ್ಟೇ ಸಾಕು ಅನ್ನುವುದಕ್ಕೆ ಹೇಳಿದೆ, ಬಾಯಿಗೆ ಹಾಕಿಕೊಳ್ಳಿ ಅಂತಲ್ಲ.

ತುಕ್ಕಿನ ವಿಚಾರ: ಮಸಿಯಲ್ಲಿರುವುದು ಉಪ್ಪುಗಳು, ಗಾಳಿಯ ತೇವ ಹೀರಿಕೊಳ್ಳುತ್ತವೆ. ಪೈರೊಡೆಕ್ಸ್‌ನಂಥ ಪರ್ಕ್ಲೋರೇಟ್ ಇರುವ ಪುಡಿಯಾದರೆ ಉಳಿಯುವುದು ಪೊಟ್ಯಾಶಿಯಂ ಕ್ಲೋರೈಡ್, ಅಡಿಗೆ ಉಪ್ಪಿನ ತಮ್ಮ. ಎಣ್ಣೆಗೆ ಉಪ್ಪು ಕರಗುವುದಿಲ್ಲ. ನೀವು ಮಾಡಿದ್ದು ಉಪ್ಪಿನ ಮೇಲೆ ಎಣ್ಣೆಯ ಹೊದಿಕೆ ಹೊದಿಸಿದ ಹಾಗೆ. ಪ್ಲಗ್ ಬಿಚ್ಚಿ, ಪಾತ್ರೆ ತೊಳೆಯುವ ಸೋಪು ಬೆರೆಸಿದ ಬಿಸಿನೀರಲ್ಲಿ ತೊಳೆಯಿರಿ, ಬರೀ ನೀರು ಹಾಯಿಸಿ, ಒಣಗಿಸಿ, ಆಮೇಲೆ ಎಣ್ಣೆ. ಹೊಡೆದ ದಿನವೇ ಆಗಬೇಕು.

ಒಣಬಟ್ಟೆ:
ಗಜಧಾರಿಯವರ ಮಾತಿಗೆ ಒಂದು ತಕರಾರು. ನೀರು ಎಲ್ಲ ಮದ್ದಿಗೂ ಅಲ್ಲ. ನಾನು ಬಳಸುವ ಬ್ಲ್ಯಾಕ್‌ಹಾರ್ನ್ 209 ನೈಟ್ರೋಸೆಲ್ಯುಲೋಸ್ ಆಧಾರದ್ದು, ಅದಕ್ಕೆ ನೀರು ಹಾಕಿದರೆ ಕೆಲಸ ಕೆಡುತ್ತೆ. ತೋಟಾ ರೈಫಲ್ಲಿನ ಸಾಲ್ವೆಂಟೇ ಬೇಕು. ಒರೆಸದೆ ಹಲವಾರು ಈಡು ಹೊಡೆಯಬಹುದು. ಆದರೆ ಅದಕ್ಕೆ ಬಿಸಿ ಪ್ರೈಮರ್ ಬೇಕೇ ಬೇಕು, ಮೆತ್ತಗಿನದು ಹಾಕಿದರೆ ಹೊತ್ತಿಕೊಳ್ಳಲ್ಲ. ಪ್ಲಗ್ಗಿನ ಬೆಂಕಿದಾರಿಯ ಅಗಲ ಭಾಗದಲ್ಲಿ ಇಂಗಾಲ ಗಟ್ಟಿಯಾಗಿ ಕೂರುತ್ತೆ. 1/8 ಇಂಚಿನ ಡ್ರಿಲ್ ಬಿಟ್ ಕೈಯಲ್ಲೇ ತಿರುಗಿಸಿ ಕೆರೆಯುತ್ತೇನೆ.

ಗಜಧಾರಿ:
ಒಪ್ಪಿದೆ. ನಾನು ಹೇಳಿದ್ದು ಅವರ ಪುಡಿಗೆ. ಆದರೆ ಹೊಸಕೋವಿ, ಇದನ್ನು ಓದಿ "ಮಸಿ ಬರದ ಮದ್ದು" ಅಂತ ತೋಟಾದ ಹೊಗೆರಹಿತ ಪುಡಿ ತುಂಬಿಬಿಟ್ಟೀರಿ! ಅದರ ಒತ್ತಡಕ್ಕೆ ಈ ನಳಿಗೆ ಕಟ್ಟಿಲ್ಲ. ಕೋವಿಯ ಪುಸ್ತಿಕೆ ಹೆಸರಿಸಿದ ಮದ್ದು ಬಿಟ್ಟು ಬೇರೇನೂ ಬೇಡ.

ಹೊಸಕೋವಿ:
ಇಲ್ಲ ಇಲ್ಲ, ಅಷ್ಟು ಧೈರ್ಯ ನನಗಿಲ್ಲ. ನೀವು ಹೇಳಿದ ಹಾಗೆ ಮಾಡಿದೆ. ಬಳೆ ಹೋಯ್ತು, ಗಜ ಪ್ರತಿ ಸಲ ಗುರುತು ಮುಟ್ಟುತ್ತೆ. ಆದರೆ ಈಗ ಹೊಸ ರಗಳೆ: ಒರೆಸಿದ ಮೇಲೆ ಎರಡು ಸಲ ಪ್ರೈಮರ್ ಮಾತ್ರ ಚಟ್ ಅಂತು, ಮದ್ದು ಹೊತ್ತಲಿಲ್ಲ. ಕೋವಿ ಗುರಿಯ ಕಡೆಗೇ ಹಿಡಿದು ಒಂದು ನಿಮಿಷದ ಮೇಲೆ ಕಾದು, ಆಮೇಲೆ ಪ್ರೈಮರ್ ಬದಲಿಸಿದೆ. ಆಗ ಹೊಡೆಯಿತು.

ಒಣಬಟ್ಟೆ:
ಕಾದದ್ದು ಒಳ್ಳೆಯದಾಯ್ತು, ತಡವಾಗಿ ಹೊತ್ತುವುದೂ ಉಂಟು. ನಿಮ್ಮ ಜ್ಯಾಗ್ (ಗಜದ ತುದಿಗೆ ಸಿಕ್ಕಿಸಿ ಬಟ್ಟೆ ಹಿಡಿಯುವ ತುಂಡು) ದಪ್ಪ ಇರಬೇಕು. ಬಟ್ಟೆ ಸುತ್ತಿದ ಜ್ಯಾಗ್ ನಳಿಗೆಗೆ ಬಿಗಿಯಾಗಿದ್ದರೆ ಮಸಿಯನ್ನು ಎಳೆದು ತರುವ ಬದಲು ಪಿಸ್ಟನ್ ಥರ ಕೆಳಗೆ ದೂಡುತ್ತೆ. ಕೆಳಗಿರುವುದು ಪ್ಲಗ್, ಅದರಲ್ಲಿ 0.03 ಇಂಚಿನ ಆಸುಪಾಸಿನ ತೂತು. ಒದ್ದೆ ಮಸಿ ಒಂದು ಚೂರು ಸಾಕು ಮುಚ್ಚೋಕೆ. ಜ್ಯಾಗ್ ಒಂದು ಸೈಜ್ ಸಣ್ಣದು ಹಾಕಿ. ಒಂದೇ ಉಸಿರಿಗೆ ತಳಕ್ಕೆ ದೂಡಬೇಡಿ, ಸ್ವಲ್ಪ ಇಳಿಸಿ, ಸ್ವಲ್ಪ ಎಳೆದು, ಹಾಗೇ ಮುಂದುವರಿಯಿರಿ. ಪ್ಯಾಚ್ ತಿರುಗಿಸಿ ಎರಡೂ ಮಗ್ಗುಲು ಬಳಸಿ.

ದಿನದ ಮೊದಲ ಈಡಿಗೆ ಮುಂಚೆ ಎಣ್ಣೆ ಪೂರ್ತಿ ಒರೆಸಿ. ಕೋವಿ ಖಾಲಿ ಅಂತ ಗಜ ಇಳಿಸಿ ಖಾತ್ರಿ ಮಾಡಿಕೊಂಡು, ಬಾಯಿ ಸುರಕ್ಷಿತ ಕಡೆ ಒಂದು ಹುಲ್ಲಿನ ಎಸಳಿಗೆ ಹಿಡಿದು ಬರೀ ಪ್ರೈಮರ್ ಹೊಡೆಯಿರಿ. ಎಸಳು ಅಲುಗಿದರೆ ದಾರಿ ತೆರೆದಿದೆ.

ಹೊಸಕೋವಿ:
ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಜ್ಯಾಗ್ ನಿಜಕ್ಕೂ ದಪ್ಪವೇ ಇತ್ತು. ಸಣ್ಣದು ಹಾಕಿ ನಿನ್ನೆ ಹನ್ನೆರಡು ಈಡು ಹೊಡೆದೆ, ಒಂದೂ ಹುಸಿ ಹೋಗಲಿಲ್ಲ. ಸಂಜೆಯೇ ಬಿಸಿನೀರಲ್ಲಿ ತೊಳೆದೆ. ಹಿಂದಿನ ವಾರ ತೊಳೆದಿಟ್ಟದ್ದಕ್ಕೆ ಬಟ್ಟೆ ಬೆಳ್ಳಗೇ ಬಂದಿತ್ತು. ಹೋದ ತಿಂಗಳು ಪ್ಲಗ್ ಬಿಚ್ಚೋಕೆ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಒದ್ದಾಡಿದ್ದೆ. ಈ ಸಲ ಪ್ಲಗ್ಗಿನ ತಿರುಪು ಮರೆಗಳಿಗೆ ಆ್ಯಂಟಿ-ಸೀಝ್ (ಕಚ್ಚಿಕೊಳ್ಳದಂತೆ ತಡೆಯುವ) ಗ್ರೀಸ್ ಸವರಿದ್ದೆ, ಕೈಯಲ್ಲೇ ತಿರುಗಿ ಬಂತು.