ತಲೆಗೆ ಪೆಟ್ಟು, ಆಮೇಲೆ ನ್ಯೂರೋಫೀಡ್‌ಬ್ಯಾಕ್: ನಿಮ್ಮ ಪ್ರಶ್ನೆ, ಮೇಡಂ ಉತ್ತರ

ಅಡ್ಮಿನ್: ತಲೆಪೆಟ್ಟಿನ ನಂತರದ ಮರೆವು, ಗಮನದ ತೊಂದರೆಗೆ ತರಬೇತಿ ಕೊಡುವ ನ್ಯೂರೋಸೈಕಾಲಜಿಸ್ಟ್ ಮೇಡಂ ಇವತ್ತು ನಮ್ಮ ಜೊತೆ ಇದ್ದಾರೆ. ವಯಸ್ಸು, ಪೆಟ್ಟಾಗಿ ಎಷ್ಟು ದಿನ, ಈಗ ಏನು ತೊಂದರೆ, ಇಷ್ಟು ಬರೆದು ಕೇಳಿ.

ಮಳೆಹನಿ: ನನ್ನ ಗಂಡನಿಗೆ 34. ಬೈಕಿನಿಂದ ಬಿದ್ದು ಎಂಟು ತಿಂಗಳಾಯಿತು. ನಡಿಗೆ, ಮಾತು ಸರಿಯಾಗಿದೆ. ಆದರೆ ಇಬ್ಬರು ಒಟ್ಟಿಗೆ ಮಾತಾಡಿದರೆ ತಲೆಗೆ ಹೋಗುವುದಿಲ್ಲ. ಹಿಡಿದ ಕೆಲಸ ಅರ್ಧಕ್ಕೇ ಮರೆಯುತ್ತಾರೆ. ನ್ಯೂರೋಫೀಡ್‌ಬ್ಯಾಕ್ ಮಾಡಿಸಿ ಅಂತ ಒಬ್ಬರು ಹೇಳಿದರು. ಏನದು? ಮಾಡಿಸಬಹುದಾ?

ಮೇಡಂ: ತಲೆಯ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಮೆದುಳಿನ ಅಲೆಗಳನ್ನು ಅಳೆಯುತ್ತಾರೆ. ಇಇಜಿಯೇ ಅದು. ಕರೆಂಟ್ ಕೊಡುವುದಿಲ್ಲ, ಹೆದರಬೇಡಿ. ಉದಾಹರಣೆಗೆ, ತೂಕಡಿಸುವಾಗ ಹೆಚ್ಚುವ ಥೀಟಾ (ಸೆಕೆಂಡಿಗೆ 4ರಿಂದ 8 ಅಲೆ) ಇಳಿದು ಬೀಟಾ (13ರಿಂದ 30) ಏರಿದರೆ ಪರದೆಯ ಮೇಲಿನ ಕಾರು ಓಡುತ್ತದೆ. ಇಲ್ಲವಾದರೆ ನಿಲ್ಲುತ್ತದೆ. ಹೀಗೆ ಮೆದುಳು ಕಲಿಯುತ್ತದೆ ಅನ್ನುವುದು ಲೆಕ್ಕಾಚಾರ.

ತಲೆಪೆಟ್ಟಿನವರಲ್ಲಿ ಗಮನ ಸುಧಾರಿಸಿದೆ ಅನ್ನುವ ಅಧ್ಯಯನಗಳಿವೆ. ಹೆಚ್ಚಿನವು ಸಣ್ಣವು. ಸುಳ್ಳು ಫೀಡ್‌ಬ್ಯಾಕ್ (ಅವರ ಅಲೆಗೆ ಸಂಬಂಧವಿಲ್ಲದೆ ಓಡುವ ಕಾರು) ಕೊಟ್ಟ ಇನ್ನೊಂದು ಗುಂಪಿನ ಜೊತೆ ಹೋಲಿಸಿದ್ದು ಕಡಿಮೆ. ಹಾಗಾಗಿ ಗುಣವಾಗಿದ್ದು ಅಲೆ ಬದಲಾಗಿದ್ದಕ್ಕೋ, ದಿನಾ ಕೂತು ಗಮನ ಕೊಟ್ಟಿದ್ದಕ್ಕೋ ಹೇಳುವುದು ಕಷ್ಟ.

ನಾನಾದರೆ ಮೊದಲು ನಿದ್ದೆ, ಸುಸ್ತು, ಮನಸ್ಸಿನ ಬೇಸರ ವಿಚಾರಿಸುತ್ತೇನೆ. ಆಮೇಲೆ ಒಂದೇ ಡೈರಿ, ಫೋನ್ ಅಲಾರಂ, ಒಂದು ಸಲಕ್ಕೆ ಒಂದೇ ಕೆಲಸ. ಡೈರಿ ತಂದುಕೊಟ್ಟರೆ ಸಾಲದು, ತೆರೆದು ನೋಡುವುದನ್ನೂ ರೂಢಿ ಮಾಡಿಸಬೇಕು. ಇದರ ಜೊತೆಗೆ ನ್ಯೂರೋಫೀಡ್‌ಬ್ಯಾಕ್ ಮಾಡಿಸುತ್ತೀರಾದರೆ ಮಾಡಿಸಿ. ಶುರುವಿಗೂ ಕೊನೆಗೂ ಒಂದೊಂದು ಪರೀಕ್ಷೆ ಇರಲಿ, ಅದನ್ನು ಸೆಷನ್ ಮಾರುವವರು ಮಾಡುವುದು ಬೇಡ. ಕಾರು ಓಡಿದ್ದನ್ನು ಬಿಡಿ, ಮೀಟಿಂಗಲ್ಲಿ ಕೂತು ಮಾತು ಹಿಡಿಯಲು ಆಗುತ್ತಾ ನೋಡಿ.

ರಾತ್ರಿಪಾಳಿ: ಎಷ್ಟು ಸೆಷನ್ ಬೇಕು?

ಮೇಡಂ: ಸಾಮಾನ್ಯವಾಗಿ 20ರಿಂದ 40.

ಟೆಕ್ಕಿತಮ್ಮ: ಮನೆಯಲ್ಲೇ ಹಾಕಿಕೊಳ್ಳುವ ಹೆಡ್‌ಬ್ಯಾಂಡ್ ತಂದೆ. ತಂಗಿಯ ಸ್ಕೋರ್ ಒಂದೇ ವಾರಕ್ಕೆ ಡಬಲ್!

ಮೇಡಂ: ಹಲ್ಲು ಕಚ್ಚುತ್ತಾಳಾ ನೋಡಿ. ದವಡೆ ಬಿಗಿದರೆ ಇಇಜಿಯಲ್ಲಿ ಬೀಟಾ ಏರಿದ ಹಾಗೇ ಕಾಣುತ್ತದೆ. ಕಣ್ಣು ಮಿಟುಕಿಸಿದರೆ ಹಣೆಯ ಎಲೆಕ್ಟ್ರೋಡಿನಲ್ಲಿ ದೊಡ್ಡ, ನಿಧಾನದ ಅಲೆ ಏಳುತ್ತದೆ. ಗೊತ್ತಿರುವವರು ಪಕ್ಕದಲ್ಲಿ ಇಲ್ಲದಿದ್ದರೆ ತರಬೇತಿ ಆಗುವುದು ದವಡೆಗೆ.

ಹಳೇ ಮೇಷ್ಟ್ರು: ಪೆಟ್ಟಾದ ಮೇಲೆ ನನಗೆ ವಾಸನೆಯೇ ಗೊತ್ತಾಗುತ್ತಿಲ್ಲ. ಇದಕ್ಕೂ ಉಪಯೋಗ ಆಗುತ್ತಾ?

ದೊಡ್ಡಮಗಳು: ಅಪ್ಪನಿಗೆ 71. ಐದು ವಾರದ ಹಿಂದೆ ಜಾರಿ ಬಿದ್ದರು. ಅವತ್ತಿನ ಸ್ಕ್ಯಾನ್ ನಾರ್ಮಲ್. ಈಗ ಒಂದು ವಾರದಿಂದ ಮಂಕಾಗಿದ್ದಾರೆ. ಹಗಲೂ ನಿದ್ದೆ, ಬಲಗಾಲು ಎಳೆಯುತ್ತಾರೆ. ರಕ್ತ ತೆಳು ಮಾಡುವ ಮಾತ್ರೆ ಇದೆ. ಗಮನಕ್ಕೆ ಈ ತರಬೇತಿ ಕೊಡಿಸಲಾ?

ಮೇಡಂ: ಉಳಿದವರು ಸ್ವಲ್ಪ ತಡೆಯಿರಿ. ನೋಡಮ್ಮಾ, ಈಗಲೇ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಬೆಳಿಗ್ಗೆವರೆಗೆ ಕಾಯಬೇಡಿ. ಮೆದುಳಿನ ಹೊದಿಕೆಯ ಕೆಳಗೆ ರಕ್ತ ಸೇರುತ್ತಿರಬಹುದು. ವಯಸ್ಸಾದಂತೆ ಮೆದುಳು ಕುಗ್ಗಿ ಬುರುಡೆಯೊಳಗೆ ಜಾಗ ಆಗುತ್ತದೆ. ಅಲ್ಲಿ ಸಣ್ಣ ರಕ್ತನಾಳ ಹರಿದರೆ ಸ್ವಲ್ಪ ಸ್ವಲ್ಪವೇ ಜಿನುಗುತ್ತದೆ, ವಾರಗಟ್ಟಲೆ ಗೊತ್ತೇ ಆಗುವುದಿಲ್ಲ. ಆ ಮಾತ್ರೆ ಇದ್ದರೆ ಅಪಾಯ ಇನ್ನೂ ಜಾಸ್ತಿ. ಬಿದ್ದ ದಿನದ ಸ್ಕ್ಯಾನ್ ಇವತ್ತಿಗೆ ಲೆಕ್ಕಕ್ಕಿಲ್ಲ, ಇನ್ನೊಂದು ಬೇಕು. ಅದೇ ಆಗಿದ್ದರೆ ಬುರುಡೆಯಲ್ಲಿ ಸಣ್ಣ ತೂತು ಮಾಡಿ ರಕ್ತ ತೆಗೆಯುತ್ತಾರೆ. ಬೇಗ ಹೋದವರು ಎಷ್ಟೋ ಜನ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ. ಪಾರ್ಶ್ವವಾಯು ಆಗಿದ್ದರೂ ಹೋಗಬೇಕಾದ್ದು ಅಲ್ಲಿಗೇ. ಮಾತ್ರೆಯ ಸ್ಟ್ರಿಪ್ ಜೊತೆಗಿರಲಿ. ಹೊರಟ ಮೇಲೆ ಒಂದು ಮಾತು ಹಾಕಿ.

ಶುಭೋದಯಣ್ಣ: ಫಾರ್ವರ್ಡ್: ಈ 40 ಹರ್ಟ್ಜ್ ಸದ್ದು ದಿನಾ ಕೇಳಿ, ಮೆದುಳು ತಾನೇ ಗುಣವಾಗುತ್ತದೆ. ಫಿಟ್ಸ್ ಮಾತ್ರೆ ಬೇಕಿಲ್ಲ. ಹತ್ತು ಜನಕ್ಕೆ ಕಳಿಸಿ.

ಮೇಡಂ: ಒಬ್ಬರಿಗೂ ಕಳಿಸಬೇಡಿ. ಫಿಟ್ಸ್ ಮಾತ್ರೆ ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಮೇಲಿಂದ ಮೇಲೆ ಬಂದು ಜೀವಕ್ಕೇ ಕುತ್ತಾಗಬಹುದು. ಡಾಕ್ಟರನ್ನು ಕೇಳದೆ ಅರ್ಧ ಮಾತ್ರೆಯನ್ನೂ ಬಿಡಬೇಡಿ.

ಶುಭೋದಯಣ್ಣ: ಬಂದದ್ದನ್ನು ಹಾಕಿದೆ ಅಷ್ಟೇ ಮೇಡಂ.

ಮೇಡಂ: ಅಷ್ಟೇ ಅಂತೀರಲ್ಲ. ಅಳಿಸಿ.

ತಾಯಿಮನ: ನನ್ನ ಮಗ ಮೂವತ್ತು ಸೆಷನ್ ಆದ ಮೇಲೇ ಪುಸ್ತಕ ಹಿಡಿದಿದ್ದು. ಸುಮ್ನೆ ಎಲ್ಲದಕ್ಕೂ ಅನುಮಾನ ಪಡಬೇಡಿ.

ಲೆಕ್ಕಿಗ: ಪೆಟ್ಟಾಗಿ ಎಷ್ಟು ತಿಂಗಳಿಗೆ ಶುರು ಮಾಡಿದಿರಿ?

ತಾಯಿಮನ: ಎರಡು.

ಲೆಕ್ಕಿಗ: ಮೊದಲ ಆರು ತಿಂಗಳು ಮೆದುಳು ತಾನಾಗಿಯೇ ಜಾಸ್ತಿ ಚೇತರಿಸಿಕೊಳ್ಳುವ ಕಾಲ. ಏನೂ ಮಾಡದಿದ್ದರೂ ಓದುತ್ತಿದ್ದ.

ತಾಯಿಮನ: ನಿಮ್ಮ ಮಗ ಹಾಗೆ ಮಲಗಿದ್ದರೆ ಏನೂ ಮಾಡದೆ ಕೂರುತ್ತಿದ್ದಿರಾ?

ಲೆಕ್ಕಿಗ: ಮೇಡಂ, ನೀವೇ ಹೇಳಿ.

ಮೇಡಂ: ಒಬ್ಬ ಹುಡುಗನನ್ನು ನೋಡಿ ಹೌದು ಅಂತಲೂ ಹೇಳಲಾಗದು, ಇಲ್ಲ ಅಂತಲೂ ಹೇಳಲಾಗದು. ಓದುತ್ತಿದ್ದಾನೆ, ಸಂತೋಷ. ನನ್ನನ್ನು ಈ ಜಗಳಕ್ಕೆ ಎಳೆಯಬೇಡಿ.

ಹೊಸಬ: ಒಟ್ಟು ಎಷ್ಟು ಸೆಷನ್ ಆಗುತ್ತೆ ಮೇಡಂ?

ಮೇಡಂ: ಮೇಲೆ ಓದಿ.

ದೊಡ್ಡಮಗಳು: ಸ್ಟ್ರಿಪ್ ಇಟ್ಟುಕೊಂಡೆ. ಅಣ್ಣ ಬೆಳಿಗ್ಗೆ ಹೋದರಾಯ್ತು ಅಂತಾನೆ.

ಮೇಡಂ: ನಾನು ಬರೆದದ್ದು ಅಣ್ಣನಿಗೆ ತೋರಿಸಿ, ಹೊರಡಿ. ಐದು ವಾರದ ಹಿಂದೆ ತಲೆಗೆ ಪೆಟ್ಟು, ರಕ್ತ ತೆಳು ಮಾಡುವ ಮಾತ್ರೆ, ಈಗ ಕಾಲು ಎಳೆತ. ಅಲ್ಲಿ ಮೊದಲ ಮಾತಿಗೇ ಇದನ್ನು ಹೇಳಿ.

ದೊಡ್ಡಮಗಳು: ಕಾರಿನಲ್ಲಿದ್ದೇವೆ.

ಲೆಕ್ಕಿಗ: ತಾಯಿಮನ ಅವರೇ, ಆ ಸೆಂಟರಿನವರು ನಿಮಗೆ ಕಮಿಷನ್ ಕೊಡ್ತಾರಾ?

ತಾಯಿಮನ: ನಾಲಿಗೆ ಬಿಗಿಹಿಡಿದು ಮಾತಾಡಿ.

ಹಳೇ ಮೇಷ್ಟ್ರು: ನನ್ನ ವಾಸನೆಯ ಪ್ರಶ್ನೆ ಯಾರೂ ನೋಡಲಿಲ್ಲ.

ಅಡ್ಮಿನ್: ಕಾಮೆಂಟ್ ಬಂದ್ ಮಾಡುತ್ತಿದ್ದೇನೆ. ಲೆಕ್ಕಿಗ, ಇನ್‌ಬಾಕ್ಸ್ ನೋಡಿ.