‘ನೆಟ್‌ವರ್ಕ್ ಬೂಟ್’: ‘ಎಬ್ಬಿಸು’ ಎನ್ನಬಹುದೇ? ‘ಶೇರ್ಡ್ ಸ್ಟೋರೇಜ್’ಗೆ ‘ಹಂಚಿದ’ ಎನ್ನಬೇಕೇ?

ಬಲ್ಲವರಿಗೆ ನಮಸ್ಕಾರ.

ನಾನು ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಡೇಟಾ ಸೆಂಟರೊಂದರಲ್ಲಿ ಕೆಲಸ ಮಾಡುತ್ತೇನೆ. ರಾತ್ರಿ ಪಾಳಿಯ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದು, ಅದರ ಒಂದು ವಾಕ್ಯದಲ್ಲಿ ಎರಡು ವಾರಗಳಿಂದ ಸಿಕ್ಕಿಕೊಂಡಿದ್ದೇನೆ. ಹೇಳಬೇಕಾದದ್ದು ಇಷ್ಟು: ತನ್ನೊಳಗೆ ಡಿಸ್ಕ್ ಇಲ್ಲದ ಸರ್ವರು, ಹಲವು ಸರ್ವರುಗಳಿಗೆ ಸೇರಿದ ಸ್ಟೋರೇಜಿನಿಂದ, ನೆಟ್‌ವರ್ಕಿನ ಮೂಲಕ ಬೂಟ್ ಆಗುತ್ತದೆ, ಎಂದರೆ ಚಾಲೂ ಆಗಿ ಕೆಲಸಕ್ಕೆ ಸಿದ್ಧವಾಗುತ್ತದೆ.

ಈ ಕೆಲಸದ ಪರಿಚಯವಿಲ್ಲದವರಿಗಾಗಿ ನಡೆಯುವುದೇನೆಂದು ಹೇಳಿಬಿಡುತ್ತೇನೆ. ಪವರ್ ಬಟನ್ ಒತ್ತಿದಾಗ ನೆಟ್‌ವರ್ಕ್ ಕಾರ್ಡು, ಯಂತ್ರಗಳಿಗೆ ವಿಳಾಸ ಕೊಡುವ ಡಿಎಚ್‌ಸಿಪಿ ಸರ್ವರನ್ನು ಕೂಗಿ, ತನಗೊಂದು ಐಪಿ ವಿಳಾಸವನ್ನೂ ಬೂಟ್ ಫೈಲು ಯಾವ ಸರ್ವರಿನಲ್ಲಿ ಯಾವ ಹೆಸರಿನಲ್ಲಿದೆ ಎಂಬುದನ್ನೂ ಕೇಳಿ ಪಡೆಯುತ್ತದೆ. ಆ ಫೈಲನ್ನು, ಫೈಲು ಸಾಗಿಸುವ ಸರಳ ವಿಧಾನವಾದ ಟಿಎಫ್‌ಟಿಪಿಯಲ್ಲಿ ಇಳಿಸಿಕೊಳ್ಳುತ್ತದೆ. ಆ ಫೈಲು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲನ್ನು ತರುತ್ತದೆ. ಕರ್ನಲ್ಲು ಎದ್ದಮೇಲೆ ಎನ್‌ಎಫ್‌ಎಸ್ (ನೆಟ್‌ವರ್ಕಿನಲ್ಲಿ ಫೈಲುಗಳನ್ನು ಒದಗಿಸುವ ವಿಧಾನ) ಅಥವಾ ಐಸ್ಕಝಿಯ (ನೆಟ್‌ವರ್ಕಿನಲ್ಲಿ ಡಿಸ್ಕನ್ನೇ ಒದಗಿಸುವ ವಿಧಾನ) ಮೂಲಕ ದೂರದ ಸ್ಟೋರೇಜನ್ನು ತನ್ನದೇ ಡಿಸ್ಕ್ ಎಂಬಂತೆ ಜೋಡಿಸಿಕೊಳ್ಳುತ್ತದೆ. ಇದರ ಮೊದಲ ಹಂತಗಳಿಗೆ ಇಂಟೆಲ್ ರೂಪಿಸಿದ ಕಟ್ಟಳೆಯೇ ಪಿಎಕ್ಸ್‌ಇ, ಅದರ 2.1ನೆಯ ಆವೃತ್ತಿ 1999ರಲ್ಲಿ ಬಂದಿತು. ನಮ್ಮಲ್ಲಿ ಎಲ್ಲರೂ ಅದನ್ನು ‘ಪಿಕ್ಸಿ’ ಎಂದೇ ಕರೆಯುತ್ತಾರೆ.

ಮೊದಲನೆಯ ತೊಡಕು ಕ್ರಿಯಾಪದದ್ದು. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವ ಇಂಗ್ಲಿಷ್ ನುಡಿಗಟ್ಟಿನಿಂದ ‘ಬೂಟ್’ ಎಂಬ ಮಾತು 1950ರ ದಶಕದಲ್ಲಿ ಕಂಪ್ಯೂಟರಿಗೆ ಬಂದಿತು. ಆ ಚಿತ್ರ ಕನ್ನಡಕ್ಕೆ ಬಂದಿಲ್ಲ, ಬರಬೇಕಾದ ಅಗತ್ಯವೂ ಇಲ್ಲ. ‘ಬೂಟು’ ಎಂದರೆ ಕಾಲಿಗೆ ಹಾಕುವುದು, ‘ಬೂಟ್ ಆಗು’ ಎಂದರೆ ಯಂತ್ರ ಕೆಲಸಕ್ಕೆ ಸಿದ್ಧವಾಗುವುದು ಎಂದು ನಮ್ಮವರು ಆಗಲೇ ಬೇರ್ಪಡಿಸಿಕೊಂಡಿದ್ದಾರೆ. ಆದರೆ ಮಾಗಡಿ ಕಡೆಯ ಒಬ್ಬ ಹುಡುಗ, ಡಿಸ್ಕ್ ಕೂರಿಸುವ ಎಂಟು ಕಿಂಡಿಗಳೂ ಖಾಲಿ ಇದ್ದ ಸರ್ವರನ್ನು ಟಾರ್ಚ್ ಹಿಡಿದು ನೋಡಿ, “ಒಳಗೆ ಒಂದು ಡಿಸ್ಕೂ ಇಲ್ಲ, ಆದ್ರೂ ಎದ್ದು ಕೂತಿದೆಯಲ್ಲ ಸಾರ್” ಎಂದಾಗ ನನಗೆ ‘ಏಳು, ಎಬ್ಬಿಸು’ ಎಂಬ ಜೋಡಿಯೇ ಸರಿ ಎನಿಸಿತು. ತಾನಾಗಿ ಆಗುವುದಕ್ಕೊಂದು, ಇನ್ನೊಬ್ಬರು ಮಾಡುವುದಕ್ಕೊಂದು ರೂಪ ಸಿದ್ಧವಾಗಿಯೇ ಇದೆ.

ಅಡ್ಡಿ ಬಂದದ್ದು ‘ನೆಟ್‌ವರ್ಕಿನಿಂದ ಎಬ್ಬಿಸು’ ಎಂದು ಬರೆದಾಗ. ಆ ಹೆಸರಿಗೆ ಅಕ್ಷರಶಃ ತಕ್ಕ ಇನ್ನೊಂದು ತಂತ್ರ, ವೇಕ್-ಆನ್-ಲ್ಯಾನ್, ಮೊದಲೇ ಇದೆ. ಅದರಲ್ಲಿ ನೆಟ್‌ವರ್ಕ್ ಕಾರ್ಡಿನ ವಿಳಾಸವನ್ನು ಬರೆದ ಸಂದೇಶವೊಂದನ್ನು ಕಳಿಸಿದರೆ, ಆಫ್ ಆಗಿದ್ದ ಯಂತ್ರಕ್ಕೆ ಪವರ್ ಬರುತ್ತದೆ. ಆಮೇಲೆ ಅದು ತನ್ನ ಡಿಸ್ಕಿನಿಂದಲೇ ಬೂಟ್ ಆಗಬಹುದು. ಒಂದರಲ್ಲಿ ನೆಟ್‌ವರ್ಕ್ ಎಬ್ಬಿಸುತ್ತದೆ, ಇನ್ನೊಂದರಲ್ಲಿ ಎದ್ದವನಿಗೆ ಉಣಬಡಿಸುತ್ತದೆ. ರಾತ್ರಿ 3 ಗಂಟೆಗೆ ಕೈಪಿಡಿ ತೆರೆಯುವವನಿಗೆ ಎರಡೂ ಒಂದೇ ಎಂಬ ತಪ್ಪುಕಲ್ಪನೆ ಬರಬಾರದು. ಆದ್ದರಿಂದ ಕ್ರಿಯಾಪದವನ್ನು ‘ಬೂಟ್ ಆಗು’ ಎಂದೇ ಉಳಿಸಿಕೊಂಡು, ಮಾತಿನ ನಡುವೆ ಮಾತ್ರ ‘ಏಳು’ ಬಳಸಿದ್ದೇನೆ.

ವಿಭಕ್ತಿಯ ವಿಷಯ ಇಷ್ಟು ಕಠಿಣವಲ್ಲ. ಮೈಸೂರಿನಿಂದ ಬಸ್ಸಿನಲ್ಲಿ ಬಂದೆ ಎನ್ನುತ್ತೇವೆ. ಹಾಗೆಯೇ ಸ್ಟೋರೇಜಿಗೆ ‘ಇಂದ’, ನೆಟ್‌ವರ್ಕಿಗೆ ‘ಮೂಲಕ’ ಹಚ್ಚಿದರೆ ಯಾವುದು ಮೂಲ, ಯಾವುದು ದಾರಿ ಎಂಬುದು ತಿಳಿಯಾಗುತ್ತದೆ. ‘ಜಾಲ’ ಎಂಬ ಪದವನ್ನು ಮಾತ್ರ ಬೇಕೆಂದೇ ಬಿಟ್ಟಿದ್ದೇನೆ. ಅಂತರ್ಜಾಲ, ಜಾಲತಾಣಗಳ ಬಳಕೆಯಿಂದ ಅದು ಇಂಟರ್ನೆಟ್ಟಿನ ಕಡೆಗೇ ವಾಲಿದೆ.

ನಿಜವಾಗಿ ನಿದ್ದೆಗೆಡಿಸಿರುವುದು ಶೇರ್ಡ್ ಸ್ಟೋರೇಜಿಗೆ ಬಳಸುವ ‘ಹಂಚಿದ ಸಂಗ್ರಹಣೆ’. ಅನುವಾದಗಳಲ್ಲಿ ಶೇರ್ಡ್ ಎಂಬುದಕ್ಕೆ ಕಣ್ಣು ಮುಚ್ಚಿ ‘ಹಂಚಿದ’ ಎಂದು ಬರೆಯುವುದನ್ನು ಕಾಣುತ್ತೇವೆ. ಆದರೆ ಹಂಚುವುದೆಂದರೆ ಪಾಲು ಮಾಡಿ ಕೊಡುವುದು. ಮಲ್ಲೇಶ್ವರದ ಹಳೆಯ ವಠಾರದಲ್ಲಿ ಅಂಗಳದ ನಲ್ಲಿಯನ್ನು ಯಾರೂ ‘ಹಂಚಿದ ನಲ್ಲಿ’ ಎನ್ನುತ್ತಿರಲಿಲ್ಲ, ವಠಾರಕ್ಕೆಲ್ಲ ಒಂದೇ ನಲ್ಲಿ ಎನ್ನುತ್ತಿದ್ದರು. ಮನೆಗಳು ಮಾತ್ರ ಬೇರೆ ಬೇರೆ, ಒಂದೊಂದಕ್ಕೂ ಒಂದೊಂದು ಬೀಗ. ನಮ್ಮ ಸ್ಟೋರೇಜಿನಲ್ಲೂ ಈ ಎರಡು ವ್ಯವಸ್ಥೆಗಳಿವೆ. ಓದಲು ಮಾತ್ರ ಬಿಟ್ಟ ಎನ್‌ಎಫ್‌ಎಸ್ ರೂಟನ್ನು, ಎಂದರೆ ಸಿಸ್ಟಮ್ಮಿನ ಫೈಲುಗಳೆಲ್ಲ ಇರುವ ಮೂಲ ಫೋಲ್ಡರನ್ನು, ನಲವತ್ತು ಸರ್ವರುಗಳು ಒಟ್ಟಿಗೆ ಬಳಸಬಹುದು, ಅದು ನಲ್ಲಿ. ಐಸ್ಕಝಿಯಲ್ಲಾದರೆ ಸ್ಟೋರೇಜ್ ಪೆಟ್ಟಿಗೆ ಎಲ್ಲರದ್ದಾದರೂ ಅದನ್ನು ಲನ್ ಎಂಬ ಪಾಲುಗಳಾಗಿ ಕತ್ತರಿಸಿ ಸರ್ವರಿಗೊಂದರಂತೆ ಕೊಟ್ಟಿರುತ್ತಾರೆ. ಅದು ಬೀಗ ಹಾಕಿದ ಮನೆ. ಎಕ್ಸ್ಟ್4 ಅಥವಾ ಎಕ್ಸ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಅಣಿಯಾಗಿ ಇಡುವ ವ್ಯವಸ್ಥೆ) ಇರುವ ಒಂದೇ ಲನ್ನನ್ನು ಎರಡು ಸರ್ವರುಗಳು ಏಕಕಾಲಕ್ಕೆ ಜೋಡಿಸಿಕೊಂಡು ಬರೆದರೆ ಫೈಲ್‌ಸಿಸ್ಟಮ್ ಕೆಟ್ಟುಹೋಗುತ್ತದೆ. ‘ಹಂಚಿದ ಲನ್’ ಎಂಬ ನನ್ನ ಮೊದಲ ಕರಡಿನ ಮಾತನ್ನು ಒಬ್ಬರು ‘ಇಬ್ಬರೂ ಬಳಸಬಹುದಾದದ್ದು’ ಎಂದೇ ಓದಿದರು. ಅದನ್ನು ಜೋಡಿಸುವ ಮೊದಲು ನನ್ನನ್ನು ಕೇಳಿದ್ದರಿಂದ ಡೇಟಾ ಉಳಿಯಿತು.

ಆದ್ದರಿಂದ ಪಾಲು ಮಾಡಿ ಕೊಟ್ಟದ್ದಕ್ಕೆ ಮಾತ್ರ ‘ಹಂಚಿದ’ ಎಂಬುದನ್ನು ಮೀಸಲಿಟ್ಟು, ಎಲ್ಲರೂ ಕೂಡಿ ಬಳಸುವುದಕ್ಕೆ ಬೇರೊಂದು ಪದ ಹುಡುಕುತ್ತಿದ್ದೇನೆ. ‘ಜಂಟಿ’ ಎಂಬುದು ಬ್ಯಾಂಕ್ ಖಾತೆಯಿಂದ ಎಲ್ಲರಿಗೂ ಗೊತ್ತು, ಆದರೆ ಅದು ಹಕ್ಕಿನ ಮಾತು, ಬಳಕೆಯದ್ದಲ್ಲ. ‘ಸಾಮಾನ್ಯ’ ಎಂದರೆ ಮಾಮೂಲಿ ಎಂದು ಓದುತ್ತಾರೆ. ‘ಕೂಡುಕುಟುಂಬ’ದ ಮಾದರಿಯಲ್ಲಿ ‘ಕೂಡು ಸ್ಟೋರೇಜ್’ ಎನ್ನುವುದು ನನಗೆ ಹಿಡಿಸಿದೆ. ಹಳಗನ್ನಡದಲ್ಲಿ ಕೂಡಿ ಬಾಳುವುದಕ್ಕೆ ‘ಪುದುವಾಳ್’ ಎಂಬ ಮಾತಿತ್ತು. ಆ ‘ಪುದು’ ಹೊಸಗನ್ನಡದ ‘ಹುದು’ವಾಗಿ ಯಾವುದಾದರೂ ಊರಿನ ಆಡುಮಾತಿನಲ್ಲಿ, ಬಾವಿಗೋ ಕಣಕ್ಕೋ ಗೋಡೆಗೋ ಇಂದಿಗೂ ಬಳಕೆಯಲ್ಲಿದೆಯೇ? ಎರಡು ಮನೆಗಳ ನಡುವಿನ ಒಂದೇ ಗೋಡೆಗೆ ನಿಮ್ಮ ಕಡೆ ಏನೆನ್ನುತ್ತೀರಿ ಎಂದು ತಿಳಿಸಿದರೂ ಸಾಕು, ನನ್ನ ವಾಕ್ಯಕ್ಕೆ ಬೇಕಾದ ವಿಶೇಷಣ ಅಲ್ಲೇ ಸಿಗಬಹುದು.